ಜಾಫರ್ ದರ್ವೇಶರಿಗೆ ನೀವು ಹೇಳದ ಮಾತು

ಮುಳಬಾಗಿಲು
ಬುಧವಾರ, ೧೪ನೇ ನವೆಂಬರ್ ೧೯೪೫

ಕೈರೋ ಪಟ್ಟಣದಲ್ಲಿರುವ ಯಜಮಾನರಿಗೆ ಶಾಮಲ ಮಾಡುವ ನಮಸ್ಕಾರ.

ನೀವು ಕ್ಷೇಮವೆಂದು ನಂಬಿ ಈ ಕಾಗದ ಶುರು ಮಾಡಿದ್ದೇನೆ. ಮರಳುಗಾಳಿಗೆ ಕಣ್ಣು ಕೆಂಪಾಗಿ ಉರಿಯುತ್ತದೆ ಎಂದು ಬರೆದಿದ್ದಿರಿ, ಈಗ ಹೇಗಿದೆ? ಮಲಗುವಾಗ ನಂದಿಬಟ್ಟಲ ಹೂವನ್ನು ಕಣ್ಣ ಮೇಲೆ ಇಟ್ಟುಕೊಳ್ಳಬೇಕಂತೆ, ಅತ್ತೆಯ ಅಪ್ಪಣೆ. ಆ ಮರಳಿನ ಊರಲ್ಲಿ ನಂದಿಬಟ್ಟಲು ಎಲ್ಲಿ ಸಿಗಬೇಕು ಅತ್ತೆ ಅಂದರೆ, "ಸೂರ್ಯ ಹುಟ್ಟೋ ಊರಲ್ಲೆಲ್ಲಾ ನಂದಿಬಟ್ಟಲು ಇರ್ತದೆ, ನೀನು ಬರಿ" ಅಂದರು. ಬರೆದಿದ್ದೇನೆ. ಸಿಗದಿದ್ದರೆ ತಣ್ಣೀರಿನ ಬಟ್ಟೆಯನ್ನಾದರೂ ಹಾಕಿಕೊಳ್ಳಿ. ಹೊಟ್ಟೆಯ ಮೇಲೂ ಸ್ವಲ್ಪ ಗಮನವಿರಲಿ. ನಾಲ್ಕು ವರ್ಷ ಮಿಲಿಟರಿಯವರ ದಪ್ಪ ರೊಟ್ಟಿ ತಿಂದವರು, ಬಂದ ದಿನವೇ ದೊಡ್ಡ ಮುದ್ದೆ ಕೇಳಿದರೆ ನಾನು ಬಡಿಸುವುದಿಲ್ಲ, ಈಗಲೇ ಹೇಳಿರುತ್ತೇನೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಮಾವನವರ ಕಣ್ಣಿನ ಪೊರೆ ಇನ್ನೂ ಬಲಿಯಬೇಕು, ಆಮೇಲೆ ತೆಗೆಯೋಣ ಎಂದು ಕೋಲಾರದ ಡಾಕ್ಟರು ಹೇಳಿದ್ದಾರೆ. ಕೋಲಾರಕ್ಕೆ ನಾನೇ ಕರೆದುಕೊಂಡು ಹೋಗಿದ್ದೆ. ಬಸ್ಸು ಈಗಲೂ ಇದ್ದಿಲ ಗ್ಯಾಸಿನದೇ. ಏರು ಬಂದ ಕಡೆಯೆಲ್ಲ ಗಂಡಸರು ಇಳಿದು ತಳ್ಳಬೇಕು. ಮಾವನವರು, ಕೂತಿರಿ ಅಂದರೂ ಕೇಳದೆ ಇಳಿದು, ಬಸ್ಸು ಎಂದು ತಿಳಿದು ಮುಂದಿದ್ದ ಕಂಡಕ್ಟರನ ಬೆನ್ನನ್ನೇ ತಳ್ಳಿದರು. ಆ ಕಂಡಕ್ಟರ್ ಪುಣ್ಯಾತ್ಮ, ತಳ್ಳಿ ತಾತಾ ತಳ್ಳಿ ಅಂತ ನಗುತ್ತಲೇ ಇದ್ದ. ರೇಷ್ಮೆಹುಳು ಪೊರೆ ಬಿಡುವ ನಾಲ್ಕನೇ ಜ್ವರ ಕಳೆದು ಎದ್ದಿದೆ. ಹಗಲೂ ರಾತ್ರಿ ಹಿಪ್ಪುನೇರಳೆ ಸೊಪ್ಪು ಸುರಿಯುವುದೇ ಕೆಲಸ. ಮಾಲೂರಿನಿಂದ ಅಪ್ಪ ಬಂದು ಎರಡು ದಿನ ಇದ್ದು ಹೋದರು. ಸಂತೆಗೆ ಮೊದಲ ಸೊಗಡವರೆ ಬಂದಿದೆ. ನಿಮ್ಮ ಹೊಟ್ಟೆ ಉರಿಸುವುದಕ್ಕೆಂದೇ ಈ ಸಾಲನ್ನು ಬರೆದೆ.

ಇದು ಮಾವನವರು ಹೇಳಿ ನಾನು ಬರೆದುಕೊಟ್ಟ ಕಾಗದವಲ್ಲ ಎಂಬುದು ಇಷ್ಟು ಹೊತ್ತಿಗೆ ನಿಮಗೆ ತಿಳಿದಿರಬೇಕು. ಇಷ್ಟು ವರ್ಷ ನೀವು ನಿಮ್ಮ ಅಪ್ಪನಿಗೆ ಬರೆದಿರಿ, ಅವರು ನಿಮಗೆ ಬರೆಸಿದರು, ನಡುವೆ ಓದುವ ಬಾಯಿ ಒಂದು, ಬರೆಯುವ ಕೈ ಒಂದು ಎಂದು ನಾನಿದ್ದೆ. ನಿಮ್ಮ ಕಾಗದ ಬಂದರೆ ಜಗುಲಿಯಲ್ಲಿ ಮಾವ, ಅತ್ತೆ, ಪಕ್ಕದ ಮನೆ ಆವಲಮ್ಮನವರು, ಸೊಪ್ಪು ಕತ್ತರಿಸಲು ಬಂದ ಹೆಂಗಸರು, ಎಲ್ಲರೂ ಸುತ್ತ ಕೂತುಬಿಡುತ್ತಾರೆ. ನಾನು ನಡುವೆ ನಿಂತು ಗಟ್ಟಿಯಾಗಿ ಓದಬೇಕು. ಕೊನೆಯಲ್ಲಿ ನಿಮ್ಮ ರುಜು ಬಂದಾಗ "ಇಂತಿ ನಿಮ್ಮ ಮಗ" ಎಂದು ನಿಲ್ಲಿಸುತ್ತೇನೆ, ಹೆಸರನ್ನು ಆವಲಮ್ಮನವರು ಕೂಗಿ ಮುಗಿಸುತ್ತಾರೆ. ನನ್ನ ವಿಚಾರ ಬರುವುದು "ಮನೆಯಲ್ಲಿ ಎಲ್ಲರಿಗೂ ನನ್ನ ನೆನಪುಗಳು" ಎಂಬಲ್ಲಿ. ಆ "ಎಲ್ಲರಿಗೂ" ಓದುವಾಗ ಆವಲಮ್ಮನವರು ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಾರೆ. ಇವತ್ತು ನಾನೇ ಮಾವನವರನ್ನು ಕೇಳಿದೆ, ನಾನೊಂದು ಕಾಗದ ಬರೆಯುತ್ತೇನೆ ಎಂದು. "ಬರಿಯಮ್ಮಾ, ನಂಗೆ ಓದಿ ಹೇಳೋದು ಬೇಡ" ಅಂದರು.

ಯುದ್ಧ ನಡೆಯುತ್ತಿದ್ದಾಗ ಊರ ಹೆಸರು ಬರೆಯುವ ಹಾಗಿಲ್ಲ, ದಂಡಿನ ವಿಚಾರ ಬರೆಯುವ ಹಾಗಿಲ್ಲ, ಸೆನ್ಸಾರಿನವರು ಕಪ್ಪು ಮಸಿ ಬಳಿಯುತ್ತಾರೆ ಎಂದು ನೀವು ಕೈರೋ ಪಕ್ಕದ ಗುಡ್ಡದ ಮೇಲಿರುವ ಆ ಅಲ್ಬೇನಿಯದವರ ಮಠದ ಕಥೆಯನ್ನೇ ಪುಟಗಟ್ಟಲೆ ಬರೆದಿರಿ. ಅದರ ಫಲ ಏನಾಗಿದೆ ಗೊತ್ತೇ? ನಮ್ಮ ಜಗುಲಿಯ ಹೆಂಗಸರಿಗೆ ಈಗ ಮೈಸೂರು ಅರಸರ ಕಥೆಗಿಂತ ಅಲ್ಬೇನಿಯದ ಬಾಬಾಗಳ ಕಥೆ ಚೆನ್ನಾಗಿ ಗೊತ್ತು. ಅಲ್ಬೇನಿಯ ಯಾವ ದಿಕ್ಕಿಗಿದೆ ಎಂದು ಕೇಳಿದರೆ ಶ್ರೀನಿವಾಸಪುರದ ರಸ್ತೆ ತೋರಿಸುತ್ತಾರೆ, ಅದು ಬೇರೆ ಮಾತು. ಆದರೆ ಕಥೆಯಲ್ಲಿ ಒಂದು ಎಳೆ ತಪ್ಪುವುದಿಲ್ಲ. ಹಾಜಿ ಬೆಕ್ತಾಶ್ ಎಂಬ ಗುರುಗಳು ತುರ್ಕಿ ದೇಶದಲ್ಲಿ ಇದ್ದದ್ದು, ಸುಲ್ತಾನನ ಸಿಪಾಯಿಗಳೆಲ್ಲ ಆ ಗುರುಗಳ ಒಕ್ಕಲಾದದ್ದು, ನೂರು ವರ್ಷಕ್ಕೂ ಹಿಂದೆ ಒಬ್ಬ ಸುಲ್ತಾನ ತನ್ನ ಸಿಪಾಯಿಗಳ ಮೇಲೇ ಅನುಮಾನಪಟ್ಟು ಅವರನ್ನು ಕೊಲ್ಲಿಸಿ, ಅವರ ಗುರುಮಠಗಳಿಗೂ ಬೀಗ ಜಡಿದದ್ದು, ಉಳಿದವರು ಅಲ್ಬೇನಿಯದ ಬೆಟ್ಟಗಳಲ್ಲಿ ಬೇರುಬಿಟ್ಟದ್ದು, ಎಲ್ಲವನ್ನೂ ಆವಲಮ್ಮನವರು ಒಂದೇ ಉಸಿರಿಗೆ ಹೇಳುತ್ತಾರೆ. ಬಂದ ದಾರಿಹೋಕ ಯಾವ ಮತದವನು ಎಂದು ಕೇಳದೆ ಮಠದಲ್ಲಿ ಊಟ ಹಾಕಿ ಹಾಸಿಗೆ ಕೊಡುತ್ತಿದ್ದರು ಎಂಬ ಕಡೆ ಮಾತ್ರ ಅವರು ನಿಲ್ಲಿಸಿ, ಅಡುಗೆ ಯಾರು ಮಾಡ್ತಿದ್ರಂತೆ ಎಂದು ಪ್ರತಿ ಸಲ ಕೇಳುತ್ತಾರೆ. ಗಂಡಸರೇ ಮಾಡುತ್ತಿದ್ದರು ಅಂದರೆ ಪ್ರತಿ ಸಲ ನಗುತ್ತಾರೆ.

ನನಗೆ ಹಿಡಿಸಿದ್ದು ಪುಸ್ತಕದ ಕಥೆ. ಅಲ್ಬೇನಿಯದವರ ಭಾಷೆಯಲ್ಲಿ ಮಕ್ಕಳಿಗೆ ಓದು ಕಲಿಸಬಾರದು ಎಂದು ಸುಲ್ತಾನನ ಸರ್ಕಾರ ತಡೆದಾಗ, ಮಠದ ಬಾಬಾಗಳು ಅಕ್ಷರದ ಪುಸ್ತಕಗಳನ್ನು ಬಚ್ಚಿಟ್ಟುಕೊಂಡು ಹಳ್ಳಿಹಳ್ಳಿಗೆ ಹಂಚಿದರು ಎಂದು ಬರೆದಿದ್ದಿರಲ್ಲ, ಅದನ್ನು ನಾನು ಎರಡು ಸಲ ಓದಿದೆ. ಹೆಣ್ಣುಮಗು ಓದಿ ಏನು ಕಡಿಯಬೇಕು ಎಂದು ನಮ್ಮ ಮಾಲೂರಿನ ನೆಂಟರೆಲ್ಲ ಅಂದಾಗ, ಕೋಲಾರದ ಸೋದರತ್ತೆ ನನ್ನನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಸ್ಕೂಲಿಗೆ ಕಳಿಸಿದರು. ಆ ಗುಡ್ಡದ ಮಠದಲ್ಲಿ ನಿಮಗೆ ಈ ಕಥೆಗಳನ್ನೆಲ್ಲ ಹೇಳಿದ ಜಾಫರ್ ದರ್ವೇಶರು ಕಾಣುವುದಾದರೆ ಅವರಿಗೆ ನನ್ನ ಸೋದರತ್ತೆಯ ಕಥೆ ಹೇಳಬೇಕು ಅನ್ನಿಸಿತು. ಆಮೇಲೆ ಆ ಮಠಗಳನ್ನು ಗಡಿಯಾಚೆಯ ದಂಡು ಬಂದು ಸುಟ್ಟದ್ದು, ಜಾಫರರು ಎಳೆಯ ವಯಸ್ಸಿನಲ್ಲಿ ಸೇರಿಕೊಂಡ ಮಠವೂ ಅದರಲ್ಲಿ ಬೂದಿಯಾದದ್ದು, ಬೂದಿಯ ಮೇಲೆಯೇ ಮತ್ತೆ ಗೋಡೆ ಎಬ್ಬಿಸಿ ಅಡುಗೆಮನೆಯನ್ನು ಮೊದಲು ಕಟ್ಟಿದ್ದು, ಇಪ್ಪತ್ತು ವರ್ಷದ ಹಿಂದೆ ತುರ್ಕಿಯ ಹೊಸ ಸರ್ಕಾರ ಮಠಗಳನ್ನೆಲ್ಲ ಮುಚ್ಚಿದಾಗ ಹಿರಿಯ ಗುರುಗಳು ಅಲ್ಬೇನಿಯಕ್ಕೇ ಬಂದು ನೆಲೆ ನಿಂತದ್ದು, ಆಮೇಲೆ ಇಟಲಿಯವರು ಆ ದೇಶವನ್ನೇ ನುಂಗಿದಾಗ ಜಾಫರರು ಊರು ಬಿಟ್ಟು ಈ ಗುಡ್ಡದ ಮಠಕ್ಕೆ ಬಂದು ಸೇರಿದ್ದು. ಇದನ್ನೆಲ್ಲ ಓದುವಾಗ ಅತ್ತೆ ಸೆರಗಿನಲ್ಲಿ ಕಣ್ಣೊರಸಿಕೊಂಡು "ಪಾಪ, ಎಷ್ಟು ಸಲ ಮನೆ ಕಟ್ಬೇಕು ಆ ಮಹರಾಯ" ಅಂದರು. ನಿಮ್ಮ ಜಾಫರರ ಮೇಲೆ ಈ ಮನೆಯಲ್ಲಿ ಯಾರಿಗೂ ಸಿಟ್ಟಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹೋದ ವರ್ಷ ಮೊಹರಮ್ಮಿನ ಹತ್ತನೇ ದಿನ ಅವರು ಗೋಧಿ, ಕಾಳು, ಒಣಹಣ್ಣು ಎಲ್ಲ ಹಾಕಿ ದೊಡ್ಡ ಹಂಡೆಯಲ್ಲಿ ಪಾಯಸ ಮಾಡುತ್ತಾರೆ, ಹಂಡೆ ತಿರುವುವ ಸರದಿ ನನಗೂ ಬಂತು ಎಂದು ಬರೆದಿರಿ. ಇಲ್ಲಿ ಅದೇ ಮೊಹರಮ್ಮಿನ ಬಾಬಯ್ಯನ ಹಬ್ಬಕ್ಕೆ ಬೆಲ್ಲದ ಪಾನಕ ಹಂಚುವ ಮನೆ ನಮ್ಮದು, ನಾವೇನು ಕಡಿಮೆ ಎಂದು ನಾನೂ ಮಾಡಿದೆ. ಒಣದ್ರಾಕ್ಷಿ ಸಿಗಲಿಲ್ಲ, ಸೀಬೆಹಣ್ಣು ಹಾಕಿದೆ. ಕಾಳು ಯಾವುದೆಂದು ನೀವು ಬರೆದಿರಲಿಲ್ಲ, ಅವರೆಕಾಳು ಹಾಕಿದೆ. ಮಾವನವರು ಒಂದು ತುತ್ತು ಬಾಯಿಗಿಟ್ಟು, ತಟ್ಟೆಯನ್ನು ಆಚೆಗೆ ಸರಿಸಿ, "ಆ ಜನ ಬೆಟ್ಟ ಬಿಟ್ಟು ಓಡಿಹೋಗಿದ್ದು ಯಾಕೆ ಅಂತ ಈಗ ತಿಳೀತು" ಅಂದರು. ದನಕ್ಕೆ ಹಾಕಿದೆವು. ದನ ತಿಂದಿತು.

ಇನ್ನು ವಿಷಯಕ್ಕೆ ಬರುತ್ತೇನೆ. ನೀವು ಆ ಮಠಕ್ಕೆ ಮೊದಲ ಸಲ ಹೋದ ದಿನದ ಕಥೆಯನ್ನು ಬರೆದದ್ದು ನನಗೆ ಬಾಯಿಪಾಠವಾಗಿದೆ. ಹೊಸಿಲು ತುಳಿಯದೆ ದಾಟಿದಿರಿ. ಅತ್ತೆ ಬೆಳೆಸಿದ ಮಗ, ಇನ್ನು ಹೇಗೆ ದಾಟುತ್ತೀರಿ. ಅವರಲ್ಲೂ ಹೊಸಿಲು ತುಳಿಯುವುದಿಲ್ಲ, ಬಗ್ಗಿ ಮುತ್ತಿಡುತ್ತಾರೆ. ಆಮೇಲೆ ಜಾಫರರು ನಿಮ್ಮ ಬಲಗಿವಿಯ ಬೆಳ್ಳಿ ಮುರು ನೋಡಿದರು. ತಮ್ಮ ಬಲಗಿವಿಯ ಮುರುವನ್ನು ಬೆರಳಿನಿಂದ ಮುಟ್ಟಿ ತೋರಿಸಿದರು. ನಿಮ್ಮನ್ನು ತಬ್ಬಿಕೊಂಡು ಒಳಗೆ ಕರೆದೊಯ್ದು ಕಾಫಿ ಕೊಟ್ಟರು. ಆ ಪಂಥದಲ್ಲಿ ಮದುವೆ ಬೇಡವೆಂದು ವ್ರತ ಹಿಡಿದವರು ಮಾತ್ರ ಕಿವಿ ಚುಚ್ಚಿಸಿಕೊಂಡು ಮುರು ಹಾಕುತ್ತಾರೆ ಎಂಬುದು ನಿಮಗೆ ಎಷ್ಟೋ ತಿಂಗಳ ಮೇಲೆ ಗೊತ್ತಾಯಿತು. ಅಷ್ಟರಲ್ಲಿ ಅವರು ನಿಮ್ಮನ್ನು ಹಿಂದೂಸ್ಥಾನದ ಯಾವುದೋ ಮಠದ ಬ್ರಹ್ಮಚಾರಿ ದರ್ವೇಶ ಎಂದೇ ನಂಬಿ, ತಮ್ಮ ಕೋಣೆಯ ಪಕ್ಕದಲ್ಲಿ ಜಾಗ ತೋರಿಸಿದ್ದರು. ಇಲ್ಲಿಯವರೆಗೆ ಓದಿ ಜಗುಲಿಯೆಲ್ಲ ನಕ್ಕಿತು, ನಾನೂ ನಕ್ಕೆ. ಮಿಲಿಟರಿ ಡಿಪೋದಲ್ಲಿ ಟೈರು ಎಣಿಸುವ ಗುಮಾಸ್ತರು ದರ್ವೇಶರಾಗಿಬಿಟ್ಟರಲ್ಲ ಎಂದು.

ಹೋದ ತಿಂಗಳು ಬಂದ ಕಾಗದವನ್ನೂ ನಾನೇ ಓದಿದೆ. ಅದೇ ಜಗುಲಿ, ಅದೇ ಜನ. "ನಾನು ಮದುವೆಯಾದವನು ಎಂದು ಜಾಫರರಿಗೆ ಇವತ್ತಿಗೂ ಹೇಳಿಲ್ಲ. ಹೇಳಲು ಹೋದಾಗಲೆಲ್ಲ ಬಾಯಿ ಬರುವುದಿಲ್ಲ. ಯುದ್ಧ ಮುಗಿಯಿತು, ನಮ್ಮವರೆಲ್ಲ ಹಡಗು ಹತ್ತುತ್ತಿದ್ದಾರೆ. ಆದರೆ ಇನ್ನೂ ಎರಡು ವರ್ಷ ಇರುತ್ತೇನೆ ಎಂದು ರುಜು ಹಾಕಿದವರಿಗೆ ಡಿಪೋದಲ್ಲೇ ಉಳಿಯಲು ಅವಕಾಶವಿದೆ. ಆ ಗುಡ್ಡದ ಮೇಲೆ ಸಿಗುವ ನೆಮ್ಮದಿ ನನಗೆ ಎಲ್ಲೂ ಸಿಕ್ಕಿಲ್ಲ. ಜನವರಿಯೊಳಗೆ ಹೇಳಬೇಕಂತೆ. ಏನು ಮಾಡಲಿ ತೋಚುತ್ತಿಲ್ಲ. ಪೀರರು ಇಟ್ಟಲ್ಲಿ ಇರುತ್ತೇನೆ." ನಾನು ಒಂದು ಅಕ್ಷರವನ್ನೂ ನುಂಗಲಿಲ್ಲ. ಓದಿ ಮುಗಿಸಿ, ಕಾಗದ ಮಡಿಸಿ, ಮಾವನವರ ಕೈಗೆ ಕೊಟ್ಟು, ಹುಳುವಿಗೆ ಸೊಪ್ಪು ಹಾಕಲು ಹೋದೆ. ಅವತ್ತು ಆವಲಮ್ಮನವರು ಕಣ್ಣು ಮಿಟುಕಿಸಲಿಲ್ಲ. ನನಗೆ ನೋವಾಯಿತು, ಬಹಳ ನೋವಾಯಿತು. ಮರೆಮಾಚಿ ಬರೆಯುವುದಕ್ಕಾದರೆ ಈ ಕಾಗದವನ್ನೇ ಬರೆಯಬೇಕಾಗಿರಲಿಲ್ಲ.

ಆದರೆ ನನಗಿಂತ ಹೆಚ್ಚು ಕುಸಿದದ್ದು ಅತ್ತೆ. ಅವರ ಲೆಕ್ಕವೇ ಬೇರೆ. ನಿಮಗಿಂತ ಮುಂಚೆ ಹುಟ್ಟಿದ ಮಕ್ಕಳು ಯಾವುದೂ ತೊಟ್ಟಿಲು ದಾಟಲಿಲ್ಲವೆಂದು, ನೀವು ಹುಟ್ಟಿದಾಗ ಅವರು ಬಾಣಂತಿ ಮೈಯಲ್ಲೇ ನಮ್ಮೂರ ಗುಡ್ಡದ ಪೀರರ ದರ್ಗಾ ಹತ್ತಿ, "ಇವನು ನಿನ್ನೋನೇ ಕಣಪ್ಪಾ, ನಿನ್ನ ಫಕೀರ. ಬದುಕಿಸಿ ಇಟ್ಟುಕೋ" ಎಂದು ಪೀರರಿಗೆ ಒಪ್ಪಿಸಿ, ಬಲಗಿವಿ ಚುಚ್ಚಿಸಿ ಮುರು ಹಾಕಿಸಿದರಂತೆ. ಹಾಗೆ ಒಪ್ಪಿಸಿದ ಮಗುವನ್ನು ಮದುವೆಗೆ ಮುಂಚೆ ದರ್ಗಾಕ್ಕೆ ಕರೆದುಕೊಂಡು ಹೋಗಿ ಬಿಡಿಸಿಕೊಳ್ಳಬೇಕು. ನಮ್ಮ ಮದುವೆಯಲ್ಲಿ ಅದು ಆಗಲಿಲ್ಲ. ನಿಮಗೆ ಹೊರಡಲು ತಂತಿ ಬಂತು, ಲಗ್ನವನ್ನು ಗೊತ್ತಾದ ದಿನಕ್ಕಿಂತ ಮುಂಚೆಯೇ ಮಾಡಿದರು, ಬಿಡಿಸಿಕೊಳ್ಳುವುದನ್ನು ಬಂದ ಮೇಲೆ ಮಾಡಿದರಾಯಿತು ಅಂದರು. ತಾಳಿ ಕಟ್ಟಿದಾಗಲೂ ನೀವು ಪೀರರ ಕಡೆಯವರೇ. ಈಗ ಅತ್ತೆ ಹೇಳುವುದು ಕೇಳಿ. ಅಲ್ಬೇನಿಯದ ಒಬ್ಬ ಸಂತರು ಸಾಯುವಾಗ ಏಳು ಶವಪೆಟ್ಟಿಗೆ ಮಾಡಿಸಿದರು, ಏಳು ದೇಶದ ರಾಜರು ಒಂದೊಂದು ಒಯ್ದು ತೆರೆದು ನೋಡಿದರೆ ಪ್ರತಿಯೊಂದರಲ್ಲೂ ಅವರೇ ಇದ್ದರು, ಒಂದು ಗೋರಿ ಅಲ್ಲಿನ ಬೆಟ್ಟದ ಗುಹೆಯಲ್ಲಿದೆ ಎಂದು ನೀವು ಬರೆದಿದ್ದಿರಲ್ಲ? ಅದರಲ್ಲಿ ಒಂದು ಪೆಟ್ಟಿಗೆ ನಮ್ಮ ಗುಡ್ಡಕ್ಕೆ ಬಂದಿದೆ, ಇನ್ನೊಂದು ಕೈರೋಗೆ ಹೋಗಿದೆ ಎಂದು ಅತ್ತೆಯ ತೀರ್ಮಾನ. "ಇಲ್ಲಿ ಮಲಗಿರೋ ಪೀರಪ್ಪನೇ ಅಲ್ಲೂ ಮಲಗವ್ನೆ ಕಣೇ. ನಾವು ಬಿಡಿಸ್ಕೊಳ್ಳಲಿಲ್ಲ, ತನ್ನ ಫಕೀರನ್ನ ತಾನು ಎಳ್ಕೊಂಡ. ನಾ ಕೊಡುಕು, ನನ್ನ ಮಗ, ಇನ್ನು ನನ್ನೋನಲ್ಲ" ಎಂದು ಮೂರು ದಿನ ಊಟ ಮಾಡಲಿಲ್ಲ. ಅದು ಕಥೆ ಅತ್ತೆ, ಏಳೂ ಪೆಟ್ಟಿಗೆ ಆ ಕಡೆಯ ದೇಶಗಳಿಗೇ ಹೋದವು ಎಂದು ನಿಮ್ಮ ಹಳೆಯ ಕಾಗದ ತೆಗೆದು ಓದಿದೆ. ಕೇಳಲಿಲ್ಲ.

ಕೊನೆಗೆ ನಾನೇ ದರ್ಗಾ ನೋಡಿಕೊಳ್ಳುವ ಮುಜಾವರ್ ಮದಾರ್ ಸಾಬರ ಹತ್ತಿರ ಹೋದೆ. ಅವರ ತಂದೆಯೇ ನಿಮ್ಮ ಕಿವಿ ಚುಚ್ಚಿದ್ದಂತೆ. ಆಸಾಮಿ ಸಮುದ್ರದಾಚೆ ಇದ್ದಾನೆ, ಮುರು ಅವನ ಕಿವಿಯಲ್ಲೇ ಇದೆ, ಇಲ್ಲಿಂದಲೇ ಬಿಡಿಸಿಕೊಳ್ಳಬಹುದೇ ಎಂದು ಕೇಳಿದೆ. ಅವರು ಗಡ್ಡ ಸವರಿಕೊಂಡು ಯೋಚನೆ ಮಾಡಿ, "ಯಾಕಾಗಲ್ಲ ಬೇಟಿ? ಮುರು ಬರೀ ಗುರುತು. ಕೇಳೋರು ಬಂದು ಕೇಳ್ಬೇಕು ಅಷ್ಟೆ. ಇಷ್ಟು ವರ್ಷ ನಿಮ್ಮ ಮನೆಯಿಂದ ಯಾರೂ ಕೇಳೋಕ್ಕೇ ಬರಲಿಲ್ಲವಲ್ಲ" ಅಂದರು. ಕ್ರಮ ಇಷ್ಟೇ. ಗುರುವಾರ ಸಾಯಂಕಾಲ ಅವನ ಮೇಲೆ ಹಕ್ಕಿರುವವರು ದರ್ಗಾದ ಹೊಸಿಲಿನ ಈಚೆ ನಿಂತು, ಅವನ ಹೆಸರು ಹಿಡಿದು ಗಟ್ಟಿಯಾಗಿ ಕೂಗಿ, ನಮ್ಮವನನ್ನು ನಮಗೆ ಬಿಟ್ಟುಕೊಡಿ ಎಂದು ಕೇಳಬೇಕು. ಆಮೇಲೆ ಸಕ್ಕರೆ ಇಟ್ಟು ಅದರ ಮೇಲೆ ಪ್ರಾರ್ಥನೆ ಓದಿಸಬೇಕು. ರೇಷನ್ನಿನಲ್ಲಿ ಸಕ್ಕರೆ ಎಲ್ಲಿದೆ ಸಾಬರೇ ಅಂದೆ. ಬೆಲ್ಲ ಆಗುತ್ತದೆ ಅಂದರು.

ಹೆಸರು ಹಿಡಿದು ಕೂಗುವುದು ನನ್ನ ಕೈಲಾಗುವ ಕೆಲಸವಲ್ಲ. ಅದಕ್ಕೆ ಅತ್ತೆಗೆ ಹೇಳಿದ್ದೇನೆ, ನೀವು ಹೆತ್ತವರು, ನೀವು ಕೊಟ್ಟವರು, ನೀವೇ ಕೇಳಬೇಕು ಎಂದು. ಅವರಿಗೆ ಭಯ. ಪೀರರು ಕೋಪ ಮಾಡಿಕೊಂಡರೆ ನಡುಸಮುದ್ರದಲ್ಲಿ ಹಡಗಿಗೆ ಏನಾದರೂ ಆದರೆ ಎಂದು. ಕೇಳಿದವರಿಗೆ ಕೊಟ್ಟು ಅಭ್ಯಾಸವಿರುವವರು ಕೋಪ ಯಾಕೆ ಮಾಡಿಕೊಳ್ಳುತ್ತಾರೆ ಅಂದೆ. ನಾಳೆ ಗುರುವಾರ. ಬರುತ್ತೇನೆ ಎಂದು ಒಪ್ಪಿದ್ದಾರೆ, ಆದರೆ ಒಪ್ಪಿದ ಮೇಲೂ ಹತ್ತು ಸಲ ಎದ್ದು ಒಳಗೆ ಹೊರಗೆ ಓಡಾಡುತ್ತಿದ್ದಾರೆ.

ನನ್ನ ಮಾತು ಒಂದೆರಡು ಹೇಳಿ ಮುಗಿಸುತ್ತೇನೆ. ಆ ಗುಡ್ಡದ ನೆಮ್ಮದಿ ಸುಳ್ಳು ಎಂದು ನಾನು ಹೇಳುವುದಿಲ್ಲ. ಯುದ್ಧದ ನಡುವೆ ನಿಮ್ಮನ್ನು ಕೂರಿಸಿ ಕಾಫಿ ಕೊಟ್ಟು ಕಥೆ ಹೇಳಿದ ಮನುಷ್ಯನಿಗೆ ನಾನು ಇಲ್ಲಿಂದಲೇ ಕೈಮುಗಿಯುತ್ತೇನೆ. ಆದರೆ ನಿಮ್ಮ ಮರೆವಿಗೆ ಏನು ಹೇಳಲಿ? ಅಲ್ಬೇನಿಯದ ಮಠಗಳಲ್ಲಿ ಹೆಂಡತಿ ಮಕ್ಕಳಿರುವ ಬಾಬಾಗಳೂ ಇದ್ದಾರೆ, ಅವರಿಗೇನೂ ಮರ್ಯಾದೆ ಕಡಿಮೆಯಿಲ್ಲ, ಮುರು ಹಾಕಿದವರು ಒಂದು ಶಾಖೆಯವರು ಮಾತ್ರ ಎಂದು ನೀವೇ ಹೋದ ಯುಗಾದಿಯ ಕಾಗದದಲ್ಲಿ ಬರೆದಿದ್ದೀರಿ. ಹಾಗಾದರೆ ಮದುವೆಯಾಗಿದೆ ಎಂದು ಹೇಳಿದ ಮಾತ್ರಕ್ಕೆ ಜಾಫರರು ನಿಮ್ಮನ್ನು ಆಚೆಗೆ ದಬ್ಬುತ್ತಾರೆಯೇ? ಯಾವ ಮತದವನಿಗೂ ಊಟ ಹಾಕಿದ ಜನ, ಹೆಂಡತಿ ಇರುವವನಿಗೆ ಒಂದು ಲೋಟ ಕಾಫಿ ಕೊಡುವುದಿಲ್ಲವೇ? ಹೇಳಲು ಬಾಯಿ ಬಾರದ್ದು ಅವರ ಭಯದಿಂದಲ್ಲ. ಹೇಳಿಬಿಟ್ಟರೆ ಮನೆಯೊಂದು ಇದೆ ಎಂದು ಒಪ್ಪಿಕೊಂಡ ಹಾಗೆ ಆಗುತ್ತದೆ, ಅದಕ್ಕೆ. ಮದುವೆಯಾಗಿ ಒಂದು ತಿಂಗಳೂ ಕಳೆಯದೆ ಹಡಗು ಹತ್ತಿದವರು ನೀವು. ನನ್ನ ಮುಖ ನಿಮಗೆ ನೆನಪಿರಲಿಕ್ಕಿಲ್ಲ. ನನಗೂ ನಿಮ್ಮದು ಪೂರ್ತಿ ನೆನಪಿಲ್ಲ, ಪಂಚೆಯ ಅಂಚು ಎಡವಿ ಹಸೆಮಣೆಯ ಮೇಲೆ ಬೀಳಲು ಹೋದದ್ದು ಚೆನ್ನಾಗಿ ನೆನಪಿದೆ. 

ಆದರೂ ನಿಮ್ಮ ಕಾಗದಗಳನ್ನು ಓದಿ ಓದಿ ನನಗೆ ನೀವು ಗೊತ್ತು. ಬೂದಿಯ ಮೇಲೆ ಅಡುಗೆಮನೆ ಮೊದಲು ಕಟ್ಟಿದ್ದನ್ನು ಅಷ್ಟು ಆಸೆಯಿಂದ ಬರೆದವರು ಮನೆ ಬೇಡ ಅನ್ನುವವರಲ್ಲ. ನೀವು ಬರುತ್ತೀರಿ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಹಿತ್ತಲ ಕಡೆಯ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಜಾಫರರೂ ಬರುವುದಾದರೆ ಕರೆದುಕೊಂಡು ಬನ್ನಿ, ಹಂಡೆ ಕೊಡುತ್ತೇನೆ, ಆ ಪಾಯಸವನ್ನು ಅವರೇ ಮಾಡಿ ತೋರಿಸಲಿ. ಮಾವನವರಿಗೂ ಅಲ್ಬೇನಿಯದ ಮೇಲಿರುವ ಅಸಮಾಧಾನ ಹೋಗುತ್ತದೆ.

ಮಾವನವರು ಆಶೀರ್ವಾದ ತಿಳಿಸಿದ್ದಾರೆ. ಅತ್ತೆಯದು ಆಶೀರ್ವಾದ, ಕಣ್ಣೀರು ಎರಡೂ. ಆವಲಮ್ಮನವರು ಕೇಳಿದ್ದಾರೆ, ಆ ಸುಲ್ತಾನ ಕೊನೆಗೆ ಏನಾದ ಎಂದು, ಮರೆಯದೆ ಬರೆಯಿರಿ. ಕಣ್ಣು ಜೋಪಾನ.

ನಿಮ್ಮ ಬರವನ್ನು ಕಾಯುತ್ತಿರುವ,
ಶಾಮಲ

ಮರೆತ ಮಾತು: ಶುಕ್ರವಾರ ಬೆಳಿಗ್ಗೆ ಬರೆಯುತ್ತಿದ್ದೇನೆ, ಟಪಾಲಿನವನು ಬರುವ ಹೊತ್ತು, ಅಕ್ಷರ ಹೇಗಿದ್ದರೂ ಓದಿಕೊಳ್ಳಿ. ನಿನ್ನೆ ಗುಡ್ಡ ಹತ್ತಿದೆವು. ಅತ್ತೆ ಹೊಸಿಲಿನ ಮುಂದೆ ನಿಂತರು, ಬಾಯಿ ತೆರೆದರು, ದನಿ ಹೊರಡಲಿಲ್ಲ. "ಕೊಟ್ಟ ಬಾಯಲ್ಲೇ ಹೆಂಗೆ ಕೇಳ್ಲಿ ಕಣೇ, ಬದುಕಿಸಿ ಕೊಟ್ಟವ್ನೆ" ಎಂದು ಅಲ್ಲೇ ಕೂತು ಅತ್ತರು. ಮದಾರ್ ಸಾಬರು ನನ್ನ ಕಡೆ ನೋಡಿದರು. ನಾನು ಸೆರಗು ಹೊದ್ದು ಹೊಸಿಲಿನ ಹತ್ತಿರ ಹೋಗಿ, "ಫಕೀರಪ್ಪಾ" ಎಂದು ಕೂಗಿದೆ. ಅಷ್ಟು ಗಟ್ಟಿ ನನ್ನ ದನಿ ಎಂದು ನನಗೇ ಗೊತ್ತಿರಲಿಲ್ಲ. ಗುಡ್ಡದ ಕೆಳಗೆ ಕುರಿ ಮೇಯಿಸುತ್ತಿದ್ದ ಇನ್ಯಾವನೋ ಫಕೀರಪ್ಪ "ಏನಮ್ಮೋ" ಎಂದು ಓಗೊಟ್ಟ. ಈ ಸೀಮೆಯಲ್ಲಿ ಪೀರರಿಗೆ ಒಪ್ಪಿಸಿದ ಫಕೀರಪ್ಪಂದಿರಿಗೆ ಏನು ಕೊರತೆ. ಅಳುತ್ತಿದ್ದ ಅತ್ತೆಯೂ ನಕ್ಕುಬಿಟ್ಟರು. ಇನ್ನು ಅಲ್ಲಿಗೇ ಬಿಟ್ಟರೆ ಪೀರರು ಆ ಕುರಿಯವನನ್ನೇ ನನಗೆ ಕೊಟ್ಟುಬಿಟ್ಟಾರು ಎಂದು, ಮತ್ತೆ ಸರಿಯಾಗಿ ಕೂಗಿದೆ. "ಮುಳಬಾಗಿಲು ಕೋದಂಡರಾಮಪ್ಪನವರ ಮಗ, ಚಿಕ್ಕವೆಂಕಟಮ್ಮನವರ ಮಗ, ಫಕೀರಪ್ಪ. ನನ್ನ ಗಂಡ. ಅವರನ್ನ ನಮಗೆ ಬಿಟ್ಟುಕೊಡಿ" ಅಂದೆ. ಸಾಬರು ಬೆಲ್ಲ ಓದಿ ಕೈಗೆ ಕೊಟ್ಟು, "ಬಿಟ್ಟಾಯ್ತು ಬೇಟಿ, ಇನ್ನು ಪೀರರಿಗೆ ಅವನ ಮೇಲೆ ಹಕ್ಕಿಲ್ಲ" ಅಂದರು. ಅತ್ತೆ ರಾತ್ರಿ ಹೊಟ್ಟೆ ತುಂಬ ಊಟ ಮಾಡಿ ಮಲಗಿದರು.

ಆದ್ದರಿಂದ ಪೀರರು ಇಟ್ಟಲ್ಲಿ ಇರುತ್ತೇನೆ ಎಂದು ಇನ್ನು ಮೇಲೆ ಬರೆಯಬೇಡಿ. ಅವರು ನಿಮ್ಮನ್ನು ಎಲ್ಲೂ ಇಟ್ಟಿಲ್ಲ. ಅಲ್ಲಿ ಉಳಿದರೆ ನೀವೇ ಉಳಿದ ಹಾಗೆ, ಹಡಗು ಹತ್ತಿದರೆ ನೀವೇ ಹತ್ತಿದ ಹಾಗೆ. ಎರಡರಲ್ಲಿ ಯಾವುದಾದರೂ ಸರಿ, ಈ ಸಲ ಮಾವನವರಿಗೆ ಬರೆಯಬೇಡಿ. ನನ್ನ ಹೆಸರು ಹಿಡಿದು, ನನಗೆ ಬರೆಯಿರಿ.